ಕೋಳಿಗೆ ಜಗಳ, ಪಿಕಪ್ಪಿಗೆ ಬರೆ

ನಮ್ಮದು ಜಗಳೂರು ತಾಲೂಕಿನ ಮಳೆ ನಂಬಿದ ಊರು. ನನ್ನದು ಆರು ಎಕರೆ ಖುಷ್ಕಿ. ಮೆಕ್ಕೆಜೋಳ, ಶೇಂಗಾ, ನಡುವೆ ತೊಗರಿ ಸಾಲು. ಮಾಲು ಮಂಡಿಗೆ ಒಯ್ಯಲು ಮೊದಲು ಎತ್ತಿನ ಗಾಡಿ ಇತ್ತು, ಆಮೇಲೆ ಟ್ರಾಕ್ಟರ್ ಬಂತು, ಈಗ ಪಿಕಪ್. ಗೊಬ್ಬರ ತರೋದು, ಈರುಳ್ಳಿ ಚೀಲ ಸಾಗಿಸೋದು, ಕುರಿ ಸಂತೆಗೆ ಹೋಗೋದು, ಕೊನೆಗೆ ಮದುವೆ ದಿಬ್ಬಣ ಕೂಡ ಅದರ ಮೇಲೇ. ಸ್ವಂತ ಗಾಡಿ ಇಲ್ಲದವರೂ ಬಾಡಿಗೆ ಲೆಕ್ಕದಲ್ಲಿ ಅದನ್ನೇ ನಂಬಿದ್ದೇವೆ.

ನನ್ನ ತಮ್ಮನ ಮಗ ಅಮೆರಿಕದಲ್ಲಿ ಕೆಲಸಕ್ಕಿದ್ದಾನೆ. ಒಂದು ಸಲ ಫೋನಿನಲ್ಲಿ, ‘ದೊಡ್ಡಪ್ಪ, ನಮ್ಮೂರಲ್ಲಿ ಓಡಾಡೋ ಸೈಜಿನ ಪಿಕಪ್ ಇಲ್ಲಿ ಹೊಸದು ಸಿಗೋದೇ ಇಲ್ಲ. ಇಲ್ಲಿನ ಸಣ್ಣ ರೈತರು ಜಪಾನಿನ ಹಳೇ ಗಾಡಿ ತರಿಸಿಕೊಳ್ತಾರೆ’ ಅಂದ. ಕಾರಣ ಕೇಳಿದರೆ ‘ಕೋಳಿ’ ಅಂದ. ಅಷ್ಟು ದುಡ್ಡಿರೋ ದೇಶದಲ್ಲಿ ರೈತನಿಗೆ ಬೇಕಾದ ಗಾಡಿ ಯಾಕೆ ಸಿಗಲ್ಲ? ಅದಕ್ಕೂ ಕೋಳಿಗೂ ಏನು ಸಂಬಂಧ? ಈ ಪ್ರಶ್ನೆ ಹಿಡಿದು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಆಮದು ಸುಂಕ ಅನ್ನೋದು ನಮ್ಮ ಶೇಂಗಾ, ತೊಗರಿಯ ರೇಟನ್ನೂ ಕುಣಿಸೋ ವಸ್ತು. ಹಾಗಾಗಿ ಇದು ಬರೀ ಅಮೆರಿಕದ ಕತೆ ಅಲ್ಲ.

ಜಗಳ ಶುರುವಾದದ್ದು ಹೀಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕೋಳಿ ಸಾಕಣೆ ದೊಡ್ಡ ಕಾರ್ಖಾನೆ ಥರ ಬೆಳೆಯಿತು. ಒಂದೇ ಶೆಡ್ಡಿನಲ್ಲಿ ಸಾವಿರಾರು ಕೋಳಿ, ಬೇಗ ಮೈ ತುಂಬೋ ತಳಿ, ಮೆಕ್ಕೆಜೋಳ ಮತ್ತು ಸೋಯಾ ಮೇವು. ಮಾಂಸದ ಬೆಲೆ ಇಳಿಯಿತು. ಹೆಚ್ಚಾದದ್ದನ್ನು ಮಂಜುಗಡ್ಡೆ ಮಾಡಿ ಹಡಗಿನಲ್ಲಿ ಯುರೋಪಿಗೆ ಕಳಿಸಿದರು. ಮುಖ್ಯ ಗಿರಾಕಿ ಪಶ್ಚಿಮ ಜರ್ಮನಿ. ಅಲ್ಲಿನ ಹಳ್ಳಿ ಜನ ಮನೆ ಹಿತ್ತಲಲ್ಲಿ, ಸಣ್ಣ ಶೆಡ್ಡಿನಲ್ಲಿ ಕೋಳಿ ಸಾಕುತ್ತಿದ್ದವರು. ಅಗ್ಗದ ಮಾಲು ಬಂದು ಬಿದ್ದರೆ ಅವರ ಗತಿ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1962ರಲ್ಲಿ ಯುರೋಪಿನ ಆರು ದೇಶಗಳ ಒಕ್ಕೂಟ ತನ್ನ ಹೊಸ ಕೃಷಿ ನೀತಿಯಲ್ಲಿ ಹೊರಗಿನ ಕೋಳಿ ಮೇಲಿನ ಸುಂಕ ಏರಿಸಿತು. ಜರ್ಮನಿಯಲ್ಲಿ ಅದು ಹಿಂದಿನ ಸುಮಾರು ಮೂರು ಪಟ್ಟಾಯಿತು. ಅಮೆರಿಕದ ಕೋಳಿ ವ್ಯಾಪಾರ ಕುಸಿಯಿತು. ಮಾತುಕತೆ ನಡೆದರೂ ಬಗೆಹರಿಯಲಿಲ್ಲ. ವಿಷಯ ಗ್ಯಾಟ್ ಮುಂದೆ ಹೋಯಿತು. 90ರ ದಶಕದಲ್ಲಿ ನಮ್ಮ ರೈತ ಸಭೆಗಳಲ್ಲೆಲ್ಲ ಹೆಸರು ಕೇಳಿಬರುತ್ತಿದ್ದ ಅದೇ ಗ್ಯಾಟ್. ಅಮೆರಿಕಕ್ಕೆ ಆದ ನಷ್ಟ ವರ್ಷಕ್ಕೆ 2 ಕೋಟಿ 60 ಲಕ್ಷ ಡಾಲರ್ ಅಂತ 1963ರಲ್ಲಿ ಅಲ್ಲಿ ತೀರ್ಮಾನ ಆಯಿತು. ಅಷ್ಟರ ಮಟ್ಟಿಗೆ ಅಮೆರಿಕ ತಿರುಗಿ ಸುಂಕ ಹಾಕಬಹುದಾಯಿತು.

1963ರ ಡಿಸೆಂಬರ್ 4ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಆದೇಶ ಹೊರಡಿಸಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ ಅನ್ನೋ ಅಂಟಿನ ಪುಡಿ, ಬ್ರಾಂಡಿ, ಸಣ್ಣ ಟ್ರಕ್ಕು, ಈ ನಾಲ್ಕರ ಮೇಲೆ ಸೇಡಿನ ಸುಂಕ. ಟ್ರಕ್ಕಿಗೆ 25%. 1964ರ ಜನವರಿಯಲ್ಲಿ ಜಾರಿಗೆ ಬಂತು. ಕಣ್ಣಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಸಣ್ಣ ಪಿಕಪ್ ಮತ್ತು ವ್ಯಾನಿನ ಮೇಲೆ. ಅವು ಆಗ ಅಮೆರಿಕದಲ್ಲಿ ಚೆನ್ನಾಗಿ ಮಾರಾಟ ಆಗುತ್ತಿದ್ದವು. ಒಂದೇ ವರ್ಷದಲ್ಲಿ ಜರ್ಮನಿಯಿಂದ ಅಲ್ಲಿಗೆ ಬರುವ ಟ್ರಕ್ಕಿನ ಮೌಲ್ಯ ಮೂರನೇ ಒಂದು ಪಾಲಿಗೆ ಇಳಿಯಿತು.

ಗ್ಯಾಟ್ ನಿಯಮದ ಪ್ರಕಾರ ಇಂಥ ಸುಂಕ ಒಂದೇ ದೇಶಕ್ಕೆ ಹಾಕುವ ಹಾಗಿಲ್ಲ, ಎಲ್ಲರಿಗೂ ಹಾಕಬೇಕು. ಹಾಗಾಗಿ ಕೋಳಿ ಜಗಳಕ್ಕೆ ಸಂಬಂಧವೇ ಇಲ್ಲದ ಜಪಾನ್, ಕೊರಿಯಾ, ಥಾಯ್ಲೆಂಡ್, ಭಾರತ ಎಲ್ಲರೂ ಅದರಡಿ ಬಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇದು ಹಾಗೆಯೇ. ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮೇಲಿನ ಸುಂಕ ಮುಂದೆ ಇಳಿದು ಹೋಯಿತು. ಟ್ರಕ್ಕಿನದು ಮಾತ್ರ 60 ವರ್ಷ ದಾಟಿದರೂ ನಿಂತಿದೆ. ಅಲ್ಲಿನ ಜನ ಅದನ್ನು ಇಂದಿಗೂ ‘ಚಿಕನ್ ಟ್ಯಾಕ್ಸ್’ ಅಂತಲೇ ಕರೆಯೋದು. ನಮ್ಮ ಮಾತಲ್ಲಿ ಕೋಳಿ ಸುಂಕ.

ಬರೆ ಬೀಳೋದು ಸಣ್ಣ ಗಾಡಿಗೆ

ಲೆಕ್ಕ ಸುಲಭ. ಹೊರದೇಶದಲ್ಲಿ ತಯಾರಾದ ಒಂದು ಗಾಡಿ ಅಮೆರಿಕದ ಬಂದರಿಗೆ 8 ಲಕ್ಷ ರೂಪಾಯಿ ಬೆಲೆಗೆ ಬಂತು ಅಂತ ಇಟ್ಟುಕೊಳ್ಳಿ. ಅದು ಕಾರಾದರೆ ಅಲ್ಲಿನ ಮೂಲ ಸುಂಕ 2.5%, ಅಂದರೆ 20 ಸಾವಿರ. ಪಿಕಪ್ ಆದರೆ 25%, ಅಂದರೆ 2 ಲಕ್ಷ. ಎಂಜಿನ್ ಅದೇ, ಚಕ್ರ ಅದೇ ಇರಬಹುದು. ಹಿಂದೆ ಸೀಟಿನ ಬದಲು ಸರಕಿನ ಡಬ್ಬ ಇದ್ದರೆ ಹತ್ತು ಪಟ್ಟು ಸುಂಕ.

ದೊಡ್ಡ, ದುಬಾರಿ ಗಾಡಿ ಕೊಳ್ಳುವವನು ಸ್ವಲ್ಪ ಹೆಚ್ಚಾದರೂ ತಡೆದುಕೊಳ್ತಾನೆ. ಸಣ್ಣ ಪಿಕಪ್ಪಿಗೆ ಇರೋ ಗುಣ ಒಂದೇ, ಅಗ್ಗ. ಆ ಅಗ್ಗವನ್ನೇ ಸುಂಕ ತಿಂದರೆ ಅದನ್ನು ಹಡಗಿಗೆ ಹತ್ತಿಸೋಕೆ ಯಾವ ಕಂಪನಿಯೂ ಮನಸ್ಸು ಮಾಡಲ್ಲ.

ಇದರಿಂದ ಅಮೆರಿಕದ ಕಂಪನಿಗಳಿಗೆ ಮನೆಯಂಗಳದಲ್ಲೇ ಬೇಲಿ ಸಿಕ್ಕಂತಾಯಿತು. ಪಿಕಪ್‌ನಲ್ಲಿ ಪೈಪೋಟಿ ಕಡಿಮೆ, ಲಾಭ ಜಾಸ್ತಿ. ಗಾಡಿ ದೊಡ್ಡದಾಗುತ್ತಾ ಹೋಯಿತು. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ 40 ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಹೆಚ್ಚು ಮಾರಾಟವಾಗುವ ಗಾಡಿಗಳ ಸಾಲಿನಲ್ಲಿ ಮುಂದಿದೆ. ಕನ್ನಡಿ ಬಿಟ್ಟೇ ಅದರ ಅಗಲ 2 ಮೀಟರ್. ನಮ್ಮೂರಿನ ಹೊಲದ ದಾರಿಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂದರೆ ಒಂದು ಜಾಲಿಬೇಲಿಗೆ ಇಳಿಯಲೇಬೇಕು.

ಬೇಲಿ ದಾಟೋ ಉಪಾಯಗಳು

ಬೇಲಿ ಇದ್ದ ಕಡೆ ಗಿಂಡಿ ಇದ್ದೇ ಇರುತ್ತೆ. ಮೊದಲ ಉಪಾಯ ಬಿಡಿ ಮಾಡಿ ತರೋದು. ಹಿಂದಿನ ಡಬ್ಬ ಇಲ್ಲದ ಬರೀ ಕ್ಯಾಬಿನ್ ಮತ್ತು ಚಾಸಿಗೆ 4% ಸುಂಕ ಇತ್ತು. ಜಪಾನಿನ ಗಾಡಿಗಳನ್ನು ಹಾಗೆ ತಂದು, ಬಂದರಿನ ಹತ್ತಿರ ಡಬ್ಬ ಕೂರಿಸಿ ಮಾರಿದರು. ಅಮೆರಿಕದ ಕಂಪನಿಗಳೇ ಜಪಾನಿನಲ್ಲಿ ಮಾಡಿಸಿದ ಸಣ್ಣ ಪಿಕಪ್ಪನ್ನು ತಮ್ಮ ಹೆಸರಲ್ಲಿ ಈ ದಾರಿಯಿಂದಲೇ ತಂದವು. 1980ರಲ್ಲಿ ಈ ಗಿಂಡಿ ಮುಚ್ಚಿದರು.

ಎರಡನೇ ಉಪಾಯ ಜಪಾನಿನ ಸುಬಾರು ಕಂಪನಿಯದು. ಬ್ರ್ಯಾಟ್ ಅನ್ನೋ ಸಣ್ಣ ಪಿಕಪ್ಪಿನ ಹಿಂದಿನ ತೆರೆದ ಡಬ್ಬದಲ್ಲಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿದರು. ಸೀಟು ಇದ್ದರೆ ಅದು ಜನ ಕೂರೋ ಗಾಡಿ, ಸುಂಕ ಕಾರಿನಷ್ಟೇ.

ಮೂರನೆಯದು ಫೋರ್ಡ್ ಕಂಪನಿಯದು. ಟರ್ಕಿಯಲ್ಲಿ ಮಾಡಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನನ್ನು ಹಿಂದಿನ ಸೀಟು, ಕಿಟಕಿ ಸಮೇತ ಅಮೆರಿಕಕ್ಕೆ ತಂದು, ಬಂದರು ದಾಟಿದ ಮೇಲೆ ಸೀಟು ಕಿತ್ತು, ಸರಕು ವ್ಯಾನ್ ಅಂತ ಮಾರಿದರು. ಸರ್ಕಾರ ಕೇಸು ಹಾಕಿತು. 2019ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಕಂಪನಿ ಸೋತಿತು. 2024ರಲ್ಲಿ 36 ಕೋಟಿ 50 ಲಕ್ಷ ಡಾಲರ್ ಕೊಟ್ಟು ವ್ಯವಹಾರ ಮುಗಿಸಿತು. ತನಗೇ ನೆರಳು ಕೊಟ್ಟಿದ್ದ ಬೇಲಿಯ ಮುಳ್ಳು ಕೊನೆಗೆ ತನಗೇ ಚುಚ್ಚಿತು.

ನೇರ ದಾರಿ ಅಂದರೆ ಅಮೆರಿಕದಲ್ಲೇ ಕಾರ್ಖಾನೆ ಹಾಕೋದು. ನಿಸ್ಸಾನ್ 1983ರಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಪಿಕಪ್ ಮಾಡಲು ಶುರು ಮಾಡಿತು. ಟೊಯೋಟಾ ತನ್ನ ಹೈಲಕ್ಸ್ ಪಿಕಪ್ಪನ್ನು ಅಮೆರಿಕದಲ್ಲಿ 1995ಕ್ಕೆ ನಿಲ್ಲಿಸಿ, ಅಲ್ಲಿಗೆಂದೇ ಟಕೋಮಾ ಅನ್ನೋ ಬೇರೆ ಪಿಕಪ್ ತಂದಿತು. ಹೈಲಕ್ಸ್ ಪ್ರಪಂಚದ ಉಳಿದ ಕಡೆ ಓಡುತ್ತಾ ಇದೆ, ಅಮೆರಿಕದ ಅಂಗಡಿಯಲ್ಲಿ ಇಲ್ಲ. 1994ರ ಒಪ್ಪಂದದ ನಂತರ ಮೆಕ್ಸಿಕೊ, ಕೆನಡಾದಲ್ಲಿ ಮಾಡಿದ ಗಾಡಿಗೂ ಕೋಳಿ ಸುಂಕ ತಪ್ಪಿತು. 2021ರಲ್ಲಿ ಫೋರ್ಡ್ ಮೆಕ್ಸಿಕೊದಲ್ಲಿ ಮ್ಯಾವೆರಿಕ್ ಅನ್ನೋ ಸಣ್ಣ ಪಿಕಪ್ ಮಾಡಿ 20 ಸಾವಿರ ಡಾಲರಿನ ಒಳಗೆ ಬೆಲೆ ಇಟ್ಟಾಗ ಜನ ಸರದಿ ನಿಂತರು. ಸಣ್ಣ ಪಿಕಪ್ ಬೇಡ ಅಂತ ಅಲ್ಲಿನ ಜನ ಹೇಳಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸುಂಕ ಒಂದೇ ಕಾರಣ ಅಲ್ಲ

ಸುಂಕ ನಾಳೆ ತೆಗೆದರೂ ಹೊರಗಿನ ಪಿಕಪ್ ನಾಳೆಯೇ ಅಲ್ಲಿಗೆ ಹೋಗಲ್ಲ. ಇನ್ನೂ ಮೂರು ಬಾಗಿಲು ಇವೆ.

ಮೊದಲನೆಯದು ಸುರಕ್ಷತೆ. ಡಿಕ್ಕಿ ಪರೀಕ್ಷೆ, ದೀಪ, ಸೀಟ್ ಬೆಲ್ಟ್, ಗಾಜು ಎಲ್ಲಕ್ಕೂ ಅಮೆರಿಕಕ್ಕೆ ತನ್ನದೇ ನಿಯಮ. ಯುರೋಪು, ಜಪಾನ್ ಒಪ್ಪಿದ ಗಾಡಿ ಅಂತ ಅದು ಒಪ್ಪಲ್ಲ. ಪರೀಕ್ಷೆಯ ಖರ್ಚು ಸಾವಿರ ಗಾಡಿ ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ. ಕಡಿಮೆ ಮಾರಾಟದ ಮಾಡೆಲ್ ಇದನ್ನು ತಾಳಲ್ಲ.

ಎರಡನೆಯದು ಹೊಗೆ. ಬೇರೆ ದೇಶಗಳಲ್ಲಿ ಸಣ್ಣ ಪಿಕಪ್ ಅಂದರೆ ಬಹುಪಾಲು ಡೀಸೆಲ್. ಅಮೆರಿಕದಲ್ಲಿ 2004ರಿಂದ ಡೀಸೆಲ್‌ಗೂ ಪೆಟ್ರೋಲ್‌ಗೂ ಹೊಗೆಯ ಮಿತಿ ಒಂದೇ. ಅದಕ್ಕೆ ಬೇಕಾದ ಶುದ್ಧಿ ಸಾಮಾನು ಕೂರಿಸಿದರೆ ಸಣ್ಣ ಡೀಸೆಲ್ ಗಾಡಿ ಸಣ್ಣ ಬೆಲೆಯದ್ದಾಗಿ ಉಳಿಯಲ್ಲ.

ಮೂರನೆಯದು ವಿಚಿತ್ರ. ಮೈಲೇಜ್ ನಿಯಮದಲ್ಲಿ ಗಾಡಿಯ ನಾಲ್ಕು ಚಕ್ರದ ನಡುವಿನ ಜಾಗ ಅಳೆದು ಗುರಿ ಕೊಡ್ತಾರೆ. ಜಾಗ ದೊಡ್ಡದಾದಷ್ಟೂ ಗುರಿ ಸಡಿಲ, ಸಣ್ಣದಾದಷ್ಟೂ ಬಿಗಿ. ಡೀಸೆಲ್, ಪೆಟ್ರೋಲ್ ಉಳಿಸಲೆಂದು ಮಾಡಿದ ನಿಯಮವೇ ಗಾಡಿ ದೊಡ್ಡದು ಮಾಡು ಅಂತ ಕಂಪನಿಗೆ ಕಣ್ಸನ್ನೆ ಮಾಡಿದ ಹಾಗಾಯಿತು. ಈ ಗುರಿ ತಪ್ಪಿದ್ದಕ್ಕಿದ್ದ ದಂಡವನ್ನು 2025ರ ಜುಲೈನಲ್ಲಿ ಶೂನ್ಯ ಮಾಡಿದ್ದಾರೆ. ಆದರೆ ಅಷ್ಟರಲ್ಲಿ ಹಲವು ಸಣ್ಣ ಪಿಕಪ್ ಅಲ್ಲಿ ಮಾಯವಾಗಿದ್ದವು.

ಜಪಾನಿನ ರೈತನ ಗಾಡಿ

ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಕೇ’ ಅನ್ನೋ ಸಣ್ಣ ಗಾಡಿಗಳ ವರ್ಗವೇ ಇದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ಮೀರಬಾರದು. ಈ ಅಳತೆಯೊಳಗೆ ಇದ್ದರೆ ತೆರಿಗೆ ಕಡಿಮೆ. ಅದರಲ್ಲೇ ಸಣ್ಣ ಟ್ರಕ್ಕು ಬಂತು, 350 ಕಿಲೋ ಹೊರುವಂಥದ್ದು. ಸುಜುಕಿ ಕ್ಯಾರಿ, ದೈಹಾತ್ಸು ಹೈಜೆಟ್ ಇಂಥವು. ಗದ್ದೆ ಬದುವಿನ ಕಿರುದಾರಿಗೆ ಹೇಳಿ ಮಾಡಿಸಿದ್ದು. ಪಕ್ಕದ ಹಲಗೆ ಮೂರೂ ಕಡೆ ಬಿಚ್ಚಿಕೊಳ್ಳುತ್ತೆ. ಕೆಸರಿಗೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗೋ ಮಾದರಿಯೂ ಇದೆ.

ಇದು ಹೊಸದಾಗಿ ಅಮೆರಿಕಕ್ಕೆ ಹೋಗಲ್ಲ. ಆದರೆ ಅಲ್ಲಿ 1988ರ ಕಾನೂನಿನ ಪ್ರಕಾರ 25 ವರ್ಷ ದಾಟಿದ ಗಾಡಿಗೆ ಸುರಕ್ಷತಾ ನಿಯಮದ ತಡೆ ಇಲ್ಲ. ಹಾಗಾಗಿ ಅಮೆರಿಕದ ಸಣ್ಣ ರೈತರು ಜಪಾನಿನ ರೈತ 25 ವರ್ಷ ದುಡಿಸಿದ ಗಾಡಿಯನ್ನು ಹಡಗಿನಲ್ಲಿ ತರಿಸ್ತಾರೆ. ಮುದಿ ಗಾಡಿಯಾದರೂ ಟ್ರಕ್ಕು ಟ್ರಕ್ಕೇ, ಕೋಳಿ ಸುಂಕ ಕಟ್ಟಲೇಬೇಕು. ಅದಾದ ಮೇಲೂ ಕೆಲವು ರಾಜ್ಯ ಅದನ್ನು ರಸ್ತೆಗೆ ಬಿಡಲ್ಲ. ಟೆಕ್ಸಾಸ್ ರಾಜ್ಯ 2024ರಲ್ಲಿ ನೋಂದಣಿಗೆ ದಾರಿ ಮಾಡಿಕೊಟ್ಟಿತು. ನನ್ನ ತಮ್ಮನ ಮಗ ಹೇಳಿದ ಹಳೇ ಗಾಡಿ ಇದೇ.

ನಮ್ಮ ದೇಶದ ಗಾಡಿಗಳ ಕತೆ

ನಮ್ಮ ಮಹೀಂದ್ರಾ ಕಂಪನಿಯೂ ಅಮೆರಿಕಕ್ಕೆ ಸಣ್ಣ ಡೀಸೆಲ್ ಪಿಕಪ್ ಕಳಿಸಲು ಹೊರಟಿತ್ತು. 2006ರಲ್ಲಿ ಅಲ್ಲಿನ ಒಂದು ವಿತರಕ ಕಂಪನಿ ಜೊತೆ ಒಪ್ಪಂದ ಆಯಿತು. ಕೋಳಿ ಸುಂಕ ತಪ್ಪಿಸಲು ಗಾಡಿಯನ್ನು ಬಿಡಿಭಾಗವಾಗಿ ಕಳಿಸಿ ಅಲ್ಲೇ ಜೋಡಿಸೋ ಯೋಚನೆ ಇತ್ತು. ಹೊಗೆ ಪರೀಕ್ಷೆಯ ಒಪ್ಪಿಗೆಗೆ ವರ್ಷಗಟ್ಟಲೆ ಹಿಡಿಯಿತು. 2010ರಲ್ಲಿ ಒಪ್ಪಂದ ಮುರಿದು ಬಿತ್ತು. ಪಿಕಪ್ ಹೋಗಲೇ ಇಲ್ಲ. ಅದೇ ಕಂಪನಿ ಟ್ರಾಕ್ಟರನ್ನು 1994ರಿಂದ ಅಮೆರಿಕದಲ್ಲಿ ಮಾರುತ್ತಿದೆ. ಯಾಕೆಂದರೆ ಕೃಷಿ ಟ್ರಾಕ್ಟರಿಗೆ ಅಲ್ಲಿ ಮೂಲ ಸುಂಕವೇ ಇಲ್ಲ. ಒಂದೇ ಮನೆಯ ಅಣ್ಣನಿಗೆ ಬಾಗಿಲು ತೆರೆದಿದೆ, ತಮ್ಮನಿಗೆ ಮುಚ್ಚಿದೆ.

ಹೊರಗೆ ಮಾತ್ರ ಸಿಗೋ ಗಾಡಿ ನಮ್ಮಲ್ಲೂ ಇದೆ. ಎರಡು ಸಾಲು ಸೀಟಿನ ಸ್ಕಾರ್ಪಿಯೊ ಗೆಟ್‌ಅವೇ ಪಿಕಪ್ ಇಲ್ಲಿ 2007ರಲ್ಲಿ ಬಂದಿತ್ತು. ಈಗ ಇಲ್ಲಿ ಇಲ್ಲ. ಆದರೆ ‘ಪಿಕ್ ಅಪ್’ ಅನ್ನೋ ಹೆಸರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಓಡುತ್ತಿದೆ, 2018ರಿಂದ ಅಲ್ಲಿನ ಡರ್ಬನ್‌ನಲ್ಲೇ ಜೋಡಣೆ ಆಗುತ್ತೆ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2005ರಿಂದ ಇನ್ನೋವಾ ಮಾಡ್ತಿದ್ದರಲ್ಲ, ಅದೂ ಹೈಲಕ್ಸ್ ಪಿಕಪ್ಪೂ ಒಂದೇ ಚಾಸಿ ಕುಟುಂಬದವು. ಆದರೂ ಹೈಲಕ್ಸ್ ಭಾರತಕ್ಕೆ ಬಂದದ್ದು 2022ರಲ್ಲಿ, ಸುಮಾರು 34 ಲಕ್ಷ ರೂಪಾಯಿ ಬೆಲೆಗೆ.

ಇಲ್ಲಿ ತಡೆದದ್ದು ಕೋಳಿ ಸುಂಕ ಅಲ್ಲ, ನಮ್ಮ ಲೆಕ್ಕ. ಇಲ್ಲಿ ಪಿಕಪ್ ಕೊಳ್ಳೋನು ಎಷ್ಟು ಕ್ವಿಂಟಾಲ್ ಹೊರುತ್ತೆ, ಎಷ್ಟು ಕಂತು ಬೀಳುತ್ತೆ ಅಂತ ನೋಡ್ತಾನೆ. 2005ರಲ್ಲಿ ಟಾಟಾ ಏಸ್ ಎರಡೂಕಾಲು ಲಕ್ಷದ ಆಸುಪಾಸಿಗೆ ಬಂದು 750 ಕಿಲೋ ಹೊತ್ತಿತು, ಮನೆಮಾತಾಯಿತು. ಹೊರದೇಶದ ಚೆಂದದ ಪಿಕಪ್ಪಿನ ಚಿತ್ರ ನೋಡಿ ಆಸೆ ಪಡೋ ಹುಡುಗರಿಗೆ ನಾನು ಹೇಳೋದು ಇಷ್ಟೇ. ಒಂದು ಟ್ರಿಪ್ಪಿನ ಬಾಡಿಗೆಯಲ್ಲಿ ಆ ಟ್ರಿಪ್ಪಿನ ಡೀಸೆಲ್, ಡ್ರೈವರ್ ಕೂಲಿ, ಅದರ ಪಾಲಿನ ಕಂತು ಕಳೆಯಿರಿ. ಉಳಿದದ್ದು ನಿಮ್ಮದು. ಏನೂ ಉಳಿಯದಿದ್ದರೆ ಆ ಗಾಡಿ ನಮ್ಮದಲ್ಲ.

ಯಾರ ಹೆಸರು, ಯಾರ ಲಾಭ?

ಇಡೀ ಕತೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ. ಸುಂಕ ಹಾಕಿದ್ದು ಅಮೆರಿಕದ ಕೋಳಿ ಸಾಕುವವರಿಗೆ ನಷ್ಟ ಆಯಿತು ಅಂತ. ಅವರಿಗೆ ಜರ್ಮನಿಯ ಮಾರುಕಟ್ಟೆ ತಿರುಗಿ ಸಿಗಲಿಲ್ಲ. ಸುಂಕದ ದುಡ್ಡು ಹೋದದ್ದು ಸರ್ಕಾರದ ಖಜಾನೆಗೆ, ನೆರಳು ಸಿಕ್ಕಿದ್ದು ಟ್ರಕ್ ಕಂಪನಿಗಳಿಗೆ. ಅದೇ ಕೋಳಿ ಶೆಡ್ಡಿನ ಸಣ್ಣ ರೈತ ಮೇವು ಸಾಗಿಸಲು ಅಗ್ಗದ ಪಿಕಪ್ ಹುಡುಕಿದರೆ ಸಿಗಲಿಲ್ಲ. ರೈತನ ಹೆಸರಲ್ಲಿ ಹಾಕಿದ ಸುಂಕವನ್ನು ರೈತನೇ ಗಾಡಿಯ ಬೆಲೆಯಲ್ಲಿ ಕಟ್ಟಿದ.

ತೆಗೆಯೋದೂ ಸುಲಭ ಅಲ್ಲ. ಕೊರಿಯಾ ಜೊತೆ 2012ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಈ ಸುಂಕ 2021ಕ್ಕೆ ಮುಗಿಯಬೇಕಿತ್ತು. 2018ರಲ್ಲಿ ಒಪ್ಪಂದ ತಿದ್ದಿ ಅದನ್ನು 2041ಕ್ಕೆ ತಳ್ಳಿದರು. 2025ರ ಏಪ್ರಿಲ್‌ನಲ್ಲಿ ಹೊರಗಿನ ಕಾರು, ಸಣ್ಣ ಟ್ರಕ್ಕಿನ ಮೇಲೆ ಇನ್ನೂ 25% ಹೆಚ್ಚುವರಿ ಹಾಕಿದರು. ಆಮೇಲೆ ಕೆಲವು ದೇಶಗಳ ಜೊತೆ ಮಾತಾಡಿ ಸಡಿಲಿಸಿದರು. ಒಂದು ಬೇಲಿ ನೆರಳಿಗೆ ಒಗ್ಗಿದವರು ಅದನ್ನು ಕೀಳಲು ಬಿಡಲ್ಲ.

ನಮಗೆ ಇದರಲ್ಲಿ ಏನಿದೆ?

ನಾನು ಆಮದು ಸುಂಕವೇ ಬೇಡ ಅನ್ನುವವನಲ್ಲ. ನಮ್ಮ ಮೆಕ್ಕೆಜೋಳದ ದೊಡ್ಡ ಗಿರಾಕಿ ಕೋಳಿ ಮೇವಿನವರು. ಅಮೆರಿಕದ ಜನಕ್ಕೆ ಎದೆ ಮಾಂಸ ಇಷ್ಟ, ಕೋಳಿ ಕಾಲು ಮಿಕ್ಕುತ್ತೆ, ಅಗ್ಗಕ್ಕೆ ಹೊರಗೆ ಮಾರ್ತಾರೆ. ಹಕ್ಕಿಜ್ವರದ ಕಾರಣ ಹೇಳಿ ಭಾರತ 2007ರಲ್ಲಿ ಅದನ್ನು ತಡೆಯಿತು. 2012ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2015ರಲ್ಲಿ ಗೆದ್ದಿತು. ಆಗ ನಮ್ಮ ಕೋಳಿ ಸಾಕುವವರಿಗೆ ಉಳಿದ ದೊಡ್ಡ ಬೇಲಿ ಅಂದರೆ 100% ಸುಂಕ. ಅದಿಲ್ಲದಿದ್ದರೆ ಶೆಡ್ಡು ಖಾಲಿ ಆಗುತ್ತಿತ್ತು, ಹಿಂದೆಯೇ ನಮ್ಮ ಮೆಕ್ಕೆಜೋಳದ ರೇಟೂ ಬೀಳುತ್ತಿತ್ತು.

ಆದರೆ ನಮ್ಮ ರೋಗ ಅಮೆರಿಕದ್ದಕ್ಕೆ ಉಲ್ಟಾ. ಅಲ್ಲಿ ಸುಂಕ 60 ವರ್ಷ ಕದಲಲ್ಲ. ನಮ್ಮಲ್ಲಿ ರಾತ್ರಿ ಬೆಳಗಾಗೋದರಲ್ಲಿ ಬದಲಾಗುತ್ತೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತ ಮಾಡಿದರು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ 20% ಮೂಲ ಸುಂಕ ಹಾಕಿದರು. ಶೇಂಗಾದವರು ಸ್ವಲ್ಪ ಉಸಿರಾಡಿದೆವು. 2025ರ ಮೇ 30ರಂದು ಅದನ್ನು 10%ಗೆ ಇಳಿಸಿದರು. ನಾವು ಬಿತ್ತನೆ ಬೀಜ ಸುಲಿದು ಇಟ್ಟುಕೊಂಡು ಮಳೆ ಕಾಯೋ ಹೊತ್ತು ಅದು. ಬಿತ್ತುವಾಗ ಒಂದು ಲೆಕ್ಕ, ಮಾರುವಾಗ ಇನ್ನೊಂದು ಲೆಕ್ಕ ಆದರೆ ಖುಷ್ಕಿಯವನು ಏನು ನಂಬಿ ಬಿತ್ತಬೇಕು?

ಅದಕ್ಕೆ ರೈತ ಸಭೆಗಳಲ್ಲಿ ಬರೀ ‘ಸುಂಕ ಏರಿಸಿ’ ಅಂತ ಕೂಗಿದರೆ ಸಾಲದು ಅಂತ ನನ್ನ ಅಭಿಪ್ರಾಯ. ಮೂರು ಮಾತು ಸೇರಿಸಿ ಕೇಳಬೇಕು. ಒಂದು, ಯಾವ ಬೆಳೆಗೆ, ಎಷ್ಟು ವರ್ಷಕ್ಕೆ ಅನ್ನೋದನ್ನು ಬಿತ್ತನೆಗೆ ಮೊದಲೇ ಹೇಳಲಿ. ಎರಡು, ನಡುವೆ ಬದಲಾಯಿಸುವ ಹಾಗಿದ್ದರೆ ಬಿತ್ತಿದ ಬೆಳೆ ಮಾರಾಟ ಆಗುವವರೆಗೆ ತಡೆಯಲಿ. ಮೂರು, ರೈತನ ಹೆಸರಲ್ಲಿ ಬಂದ ಸುಂಕದ ದುಡ್ಡಿನಲ್ಲಿ ಒಂದು ಪಾಲು ಆ ಬೆಳೆಯ ಖರೀದಿ ಕೇಂದ್ರಕ್ಕೆ ಬರಲಿ. ಈ ಮೂರೂ ಇಲ್ಲದ ಸುಂಕದಲ್ಲಿ ಹೆಸರು ನಮ್ಮದು, ಫಸಲು ಬೇರೆಯವರದು.

ಎಣ್ಣೆಕಾಳು, ಬೇಳೆಕಾಳು ಬೆಳೆಯೋ ಬೇರೆ ಭಾಗದ ರೈತರು ತಮ್ಮ ಅನುಭವ ಪತ್ರಿಕೆಗೆ ಬರೆದರೆ ಚರ್ಚೆ ಮುಂದುವರಿಸಬಹುದು. ಸುಂಕ ಬದಲಾದ ತಿಂಗಳಲ್ಲಿ ನಿಮ್ಮ ಮಂಡಿಯಲ್ಲಿ ರೇಟು ಎಷ್ಟು ಇಳಿಯಿತು, ಎಷ್ಟು ಏರಿತು ಅನ್ನೋದನ್ನು ಪಟ್ಟಿ ಚೀಟಿ ನೋಡಿ ಬರೆಯಿರಿ. ಅಂಥ ನೂರು ಚೀಟಿ ಒಂದು ಕಡೆ ಕೂಡಿದರೆ ಸರ್ಕಾರದ ಮುಂದೆ ಇಡಲು ನಮ್ಮ ಕೈಯಲ್ಲೂ ಒಂದು ಲೆಕ್ಕ ಇರುತ್ತೆ.